ಮನಶ್ಶಾಸ್ತ್ರಕ್ಕೆ ಯಾವ ಪುಸ್ತಕ?

ರಾವಂದೂರಿನಲ್ಲಿ ನನ್ನ ಬಳಿ ಓದಿದವಳೊಬ್ಬಳು ಈಗ ಪದವಿ ಕಾಲೇಜೊಂದರಲ್ಲಿ ಮನಶ್ಶಾಸ್ತ್ರದ ಅತಿಥಿ ಉಪನ್ಯಾಸಕಿ. “ಮೊದಲ ವರ್ಷದ ಬಿ.ಎ. ಮಕ್ಕಳಿಗೆ ಯಾವ ಪುಸ್ತಕ ಹೇಳಲಿ, ಮೇಷ್ಟ್ರೇ?” ಎಂದು ಕೇಳಿದಳು. ಬಿ.ಎಡ್.ನಲ್ಲಿ ಶೈಕ್ಷಣಿಕ ಮನೋವಿಜ್ಞಾನ ಓದಿದ್ದನ್ನು ಬಿಟ್ಟರೆ ನಾನು ಆ ಶಾಸ್ತ್ರದಲ್ಲಿ ಪಂಡಿತನೇನಲ್ಲ. ಆದರೆ ಅವಳ ಮಕ್ಕಳಲ್ಲಿ ಬಹುಪಾಲು ಕನ್ನಡ ಮಾಧ್ಯಮದವರು. ಪುಸ್ತಕ ಅರ್ಥವಾಗದಿದ್ದರೆ ವಿಷಯವನ್ನೇ ಬಿಡುತ್ತಾರೆ. ಮಕ್ಕಳು ಬಿಟ್ಟರೆ ಅತಿಥಿ ಉಪನ್ಯಾಸಕಿಯ ಕೆಲಸಕ್ಕೂ ಸಂಚಕಾರ.

ಅವಳ ಮುಂದಿದ್ದವು ಮೂರು. ಅಮೆರಿಕದ ದಪ್ಪ ಗ್ರಂಥವೊಂದು. ವಿಷಯ ಅಚ್ಚುಕಟ್ಟು, ಉದಾಹರಣೆಗಳು ಮಾತ್ರ ಬೇಸ್‌ಬಾಲ್ ಮೈದಾನದವು. ಪ್ರಶ್ನೋತ್ತರದ ಗೈಡೊಂದು, ಅದರ ಮಾತು ಬೇಡ. ಮೂರನೆಯದು ಹಳೆಯ ಕನ್ನಡ ಪಠ್ಯ.

ಕನ್ನಡ ಪಠ್ಯದ ಸಂಸ್ಕೃತ ಪದಗಳೆಂದರೆ ಅವಳಿಗೆ ಅಳುಕು. ನನಗೆ ಹಾಗೆನ್ನಿಸಲಿಲ್ಲ. ‘ಅಟೆನ್ಷನ್’ ಎಂಬುದಕ್ಕೆ ಅಲ್ಲಿ ‘ಅವಧಾನ’ ಎಂದಿದೆ. ಅಷ್ಟಾವಧಾನದ ಹೆಸರು ಕೇಳಿದ ಹುಡುಗನಿಗೆ ಪಾಠದ ಮುಖ್ಯ ಪ್ರಶ್ನೆ ಆ ಪದದಲ್ಲೇ ಎದುರಾಗುತ್ತದೆ: ಮನಸ್ಸು ಏಕಕಾಲಕ್ಕೆ ಎಂಟು ಕಡೆ ಹರಿಯುತ್ತದೆಯೋ, ಒಂದರಿಂದೊಂದಕ್ಕೆ ಬೇಗ ಜಿಗಿಯುತ್ತದೆಯೋ? ಇನ್ನು ವೇಬರ್ ನಿಯಮ. ಕೈಯಲ್ಲಿರುವ ಭಾರ ಹೆಚ್ಚಿದಷ್ಟೂ, ವ್ಯತ್ಯಾಸ ತಿಳಿಯಲು ಸೇರಿಸಬೇಕಾದ ತೂಕವೂ ಹೆಚ್ಚಬೇಕು. ಸಣ್ಣ ಕಟ್ಟಿಗೆ ಒಂದು ಹಿಡಿ ಹೊಗೆಸೊಪ್ಪು ಸೇರಿಸಿದರೆ ಗೊತ್ತಾಗುತ್ತದೆ, ದೊಡ್ಡ ಹೊರೆಗೆ ಸೇರಿಸಿದರೆ ಗೊತ್ತಾಗದು ಎಂಬುದನ್ನು ನಮ್ಮ ಸೀಮೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬ್ಯಾರನ್ನಿನಿಂದ ಇಳಿಸಿದ ಸೊಪ್ಪನ್ನು ಬಣ್ಣ ನೋಡಿ ದರ್ಜೆವಾರು ಬಿಡಿಸುವ ಹೆಂಗಸರ ಕಣ್ಣು, ಅಭ್ಯಾಸದಿಂದ ಗ್ರಹಿಕೆ ಹೇಗೆ ಹರಿತವಾಗುತ್ತದೆ ಎಂಬುದಕ್ಕೆ ಸಾಕ್ಷಿ.

ಮೈಸೂರಿನಲ್ಲಿ ಮನಶ್ಶಾಸ್ತ್ರ ವಿಭಾಗ ತೆರೆದದ್ದು 1924ರಲ್ಲಿ. ಅದನ್ನು ಬೆಳೆಸಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ‘ಆಕಾಶವಾಣಿ’ ಬಾನುಲಿಯನ್ನು ಆರಂಭಿಸಿದವರು. ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೀಗಿರುವಾಗ, ಈ ಶಾಸ್ತ್ರ ಕನ್ನಡಕ್ಕೆ ಒಗ್ಗದು ಎಂಬ ಮಾತನ್ನು ನಾನು ಒಪ್ಪಲಾರೆ.

“ಎಂ.ಎ.ಗೆ ಹೋಗುವವರ ಗತಿ?” ಎಂದಳು. ನ್ಯಾಯವಾದ ಪ್ರಶ್ನೆ. ಹಳೆಯ ಪಠ್ಯದಲ್ಲಿ ಹೊಸ ಸಂಶೋಧನೆಗಳೂ ಇಲ್ಲ. ಕಡೆಗೆ, ಮಕ್ಕಳ ಕೈಗೆ ಕನ್ನಡ ಪಠ್ಯ, ಅವಳ ಮೇಜಿನ ಮೇಲೆ ಅಮೆರಿಕದ್ದು. ಪ್ರತಿ ಪಾಠದ ಅಂಚಿನಲ್ಲಿ ಇಂಗ್ಲಿಷ್ ಪಾರಿಭಾಷಿಕ ಪದಗಳನ್ನು ಬರೆಸುವುದು ಎಂದಾಯಿತು.

ಈಗಿರುವ ತೊಡಕೊಂದೇ: ಆ ಪಠ್ಯ ಅಂಗಡಿಗಳಲ್ಲಿ ಸಿಗುತ್ತಿಲ್ಲ, ನಲವತ್ತು ಮಕ್ಕಳಿಗೆ ಇರುವುದು ಎರಡೇ ಪ್ರತಿ. ನಿಮ್ಮಲ್ಲಿ ಮನಶ್ಶಾಸ್ತ್ರವನ್ನು ಕನ್ನಡದಲ್ಲಿ ಓದಿದವರಿದ್ದರೆ, ಹಳೆಯ ಪುಸ್ತಕಗಳು ಅಟ್ಟದ ಮೇಲೇನಾದರೂ ಉಳಿದಿವೆಯೇ ನೋಡಿ ತಿಳಿಸಿ.