ಕ್ರೂಸರ್ ಹತ್ತಿ ಊರು ನೋಡಲು ಹೋದದ್ದು...

ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಗೆ ಟೂರ್ ಹೋಗ್ತೀನಿ ಅಂದಾಗ ನಮ್ಮ ಟೀಮಿನವರು ನನ್ನನ್ನು ಡಾಕ್ಟರ ಹತ್ತಿರ ಕಳಿಸುವ ಹಾಗೆ ನೋಡಿದರು. ಪಕ್ಕದ ಸೀಟಿನವನು ಹೆಂಡತಿ ಮಕ್ಕಳ ಜೊತೆ ನಾರ್ವೆಗೆ ಹೊರಟಿದ್ದ. "ಅಲ್ಲಿ ರಾತ್ರಿ ಹತ್ತಾದ್ರೂ ಬೆಳಕಿರುತ್ತೆ, ಗೊತ್ತಾ?" ಅಂದ. "ನಮ್ಮಲ್ಲಿ ರಾತ್ರಿ ಹತ್ತಾದ್ರೂ ಗೋಡೆ ಬಿಸಿ ಇರುತ್ತೆ" ಅಂದೆ :-)

ಇದು 2025ರ ಮೇ ಮೊದಲ ವಾರದ ಮಾತು. ಈ ಟೂರ್ ಬೇಸಿಗೆಯಲ್ಲೇ ಆಗಬೇಕಿತ್ತು, ಯಾಕೆ ಅಂತ ಆಮೇಲೆ ಹೇಳ್ತೀನಿ. ಮೊದಲು ಊಟದ ವಿಷಯ.

ಅಪ್ಪ, ಅವ್ವ, ತಂಗಿ, ನಾನು, ಮತ್ತೆ ಎಂಬತ್ತು ದಾಟಿದ ಆಯಿ, ಅಂದರೆ ಅಪ್ಪನ ತಾಯಿ. ಐದೇ ಜನಕ್ಕೆ ಒಂದು ಬಾಡಿಗೆ ಕ್ರೂಸರ್. ಈ ಗಾಡಿ ಗೊತ್ತಿಲ್ಲದವರಿಗೆ ಹೇಳ್ತೀನಿ ಕೇಳಿ: ನಮ್ಮ ಕಡೆ ಇದರಲ್ಲಿ ಹದಿನೆಂಟು ಜನ ಕೂತ ಮೇಲೂ "ಇನ್ನೊಬ್ರು ಬರ್ರೀ" ಅಂತ ಕರೀತಾರೆ. ಐದೇ ಜನ ಅಂದಿದ್ದಕ್ಕೆ ಡ್ರೈವರ್‌ಗೆ ನಮ್ಮ ಮೇಲೆ ಪಾಪ ಅನ್ನಿಸಿರಬೇಕು.

ಮೊದಲು ಇಂಡಿ, ಅವ್ವನ ತವರು. ಇಂಡಿ ಅಂದ್ರೆ ಲಿಂಬೆ. ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೇ ಇಲ್ಲಿ, ಈ ಲಿಂಬೆಗೆ ಜಿಐ ಮಾನ್ಯತೆಯೂ ಸಿಕ್ಕಿದೆ. ಆದರೆ ಸಣ್ಣ ಮಾಮಾನ ತೋಟದಲ್ಲಿ ಗಿಡಗಳಿಗೆ ಟ್ಯಾಂಕರ್ ನೀರು ಹಾಕ್ತಿದ್ದರು. ಊಟಕ್ಕೆ ಬಿಸಿ ರೊಟ್ಟಿ, ಪುಂಡಿಪಲ್ಯ, ಗಟ್ಟಿ ಮೊಸರು, ಶೇಂಗಾ ಹಿಂಡಿ, ಮುಷ್ಟಿಯಿಂದ ಗುದ್ದಿ ಒಡೆದ ಉಳ್ಳಾಗಡ್ಡಿ. ನಾನು ನಾಲ್ಕನೇ ರೊಟ್ಟಿಗೆ ಕೈ ಹಾಕಿದಾಗ ಮಾಮಾ ಅಪ್ಪನನ್ನು ಕೆಣಕಿದ.

"ನಿಮ್ಮೂರು ಮುಳುಗಿಸಿದ ನೀರು ನಮ್ಮ ಹೊಲಕ್ಕ ಬರ್ತದಂತ ಹೇಳಿ ಎಷ್ಟು ವರ್ಸಾತ್ರೀ ಮಾವಾರ?"

"ನಾ ಬಿಟ್ಟೀನಪಾ, ದಾರ್ಯಾಗ ಯಾರು ಕುಡದ್ರೋ!"

ಎಲ್ಲರೂ ನಕ್ಕರು. ಗೊತ್ತಿಲ್ಲದವರಿಗೆ ವಿವರ: ಅಪ್ಪನ ಊರು ಬಸವನಬಾಗೇವಾಡಿ ಕಡೆ, ಕೃಷ್ಣಾ ದಂಡೆಯಲ್ಲಿತ್ತು. ಆಲಮಟ್ಟಿ ಹಿನ್ನೀರಿನಲ್ಲಿ ಹೋಯಿತು. ಆಲಮಟ್ಟಿಯಿಂದ ಬಿಟ್ಟ ನೀರು ನಾರಾಯಣಪುರಕ್ಕೆ, ಅಲ್ಲಿಂದ ಎಡದಂಡೆ ಕಾಲುವೆ, ಅದರಿಂದ ಇಂಡಿ ಶಾಖಾ ಕಾಲುವೆ. ಮಾಮಾನ ಹೊಲ ಇರುವುದು ಆ ಕಾಲುವೆಯ ಬಾಲದ ತುದಿಯಲ್ಲಿ. ನೀರು ಬಾಲಕ್ಕೆ ಮುಟ್ಟುವ ಹೊತ್ತಿಗೆ ಲಿಂಬೆ ಒಣಗಿರುತ್ತದೆ. ಹೊರಡುವಾಗ ಅತ್ತಿ ಒಂದು ಚೀಲ ಲಿಂಬೆಹಣ್ಣು ಗಾಡಿಗೆ ಹಾಕಿದಳು.

ಸಿಂದಗಿಯಲ್ಲಿ ಬಹಳ ಹೊತ್ತು ನಿಲ್ಲಲಿಲ್ಲ. ಬಸ್‌ಸ್ಟ್ಯಾಂಡ್ ಹತ್ತಿರ ಮಿರ್ಚಿ ಭಜಿ, ಚುರುಮುರಿ. ಅಪ್ಪ ಎಂ.ಎಂ. ಕಲಬುರ್ಗಿಯವರು ಈ ಸೀಮೆಯವರು ಅಂತ ಶುರು ಮಾಡಿದರು. ತಂಗಿಗೆ ಮಿರ್ಚಿಯ ಖಾರ ನೆತ್ತಿಗೇರಿ ಪಾಠ ಅರ್ಧಕ್ಕೇ ನಿಂತಿತು. ಮಡಿವಾಳ ಮಾಚಯ್ಯನ ದೇವರ ಹಿಪ್ಪರಗಿ ದಾಟಿ ತಾಳಿಕೋಟೆಗೆ ಬಂದೆವು. ಶಾಲೆಯಲ್ಲಿ ಓದಿದ 1565ರ ತಾಳಿಕೋಟೆ ಕದನ ಇಲ್ಲೇ ಆಯಿತು ಅಂದುಕೊಂಡು ಫೋಟೋ ತೆಗೆಯಬೇಡಿ. ಯುದ್ಧ ನಡೆದದ್ದು ಕೃಷ್ಣೆಯ ಹತ್ತಿರ, ರಕ್ಕಸಗಿ-ತಂಗಡಗಿ ಅನ್ನುವ ಊರುಗಳ ಕಡೆ. ತಾಳಿಕೋಟೆಗೆ ಇರುವುದು ಡೋಣಿ ನದಿ, ಅದರ ನೀರು ಉಪ್ಪು.

ರಾತ್ರಿ ಮುದ್ದೇಬಿಹಾಳದ ಒಂದು ಖಾನಾವಳಿಯಲ್ಲಿ ಬದನಿಕಾಯಿ ಎಣಗಾಯಿ. ಬೆಂಗಳೂರಿನಲ್ಲಿ 'ನಾರ್ತ್ ಕರ್ನಾಟಕ ಸ್ಟೈಲ್' ಅಂತ ಬೋರ್ಡ್ ಹಾಕಿ ಬದನೆಕಾಯಿ ಗೊಜ್ಜು ಕೊಡುವವರೆಲ್ಲ ಒಮ್ಮೆ ಇಲ್ಲಿ ಬಂದು ಉಣ್ಣಬೇಕು. ಬೆಳಿಗ್ಗೆ ತಂಗಡಗಿಯಲ್ಲಿ ನೀಲಮ್ಮನ ಗುಡಿ. ಬಸವಣ್ಣನ ಹೆಂಡತಿ ನೀಲಾಂಬಿಕೆ ಐಕ್ಯಳಾದ ಜಾಗ. ಗಂಡ ಐಕ್ಯನಾದ ಕೂಡಲಸಂಗಮ ಹೊಳೆಯ ಆಚೆ ದಂಡೆಗೆ, ಈಕೆ ಈಚೆ ದಂಡೆಗೆ. ಆಯಿ ಅಲ್ಲಿ ತುಂಬಾ ಹೊತ್ತು ಕೂತಳು, ಏನೂ ಮಾತಾಡಲಿಲ್ಲ.

ಅಲ್ಲಿಂದ ಅಪ್ಪನ ಊರು. ಊರಿನ ಹೆಸರು ಬರೆಯೋದಿಲ್ಲ, ಈಗ ಆ ಹೆಸರು ಪುನರ್ವಸತಿ ಕೇಂದ್ರದ ಬೋರ್ಡಿನ ಮೇಲಿದೆ. ಆಲಮಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಅಡಿಗಲ್ಲು ಇಟ್ಟದ್ದು 1964ರಲ್ಲಿ. ಆಯಿ ಸೊಸೆಯಾಗಿ ಆ ಊರಿಗೆ ಬಂದದ್ದೂ ಅದೇ ವರ್ಷ. ಊರು ಬಿಟ್ಟಾಗ ನನಗೆ ನಾಲ್ಕು ವರ್ಷ, ನನಗೇನೂ ನೆನಪಿಲ್ಲ. ಡ್ಯಾಮ್ ತುಂಬಿದಾಗ ನೀರು 519.60 ಮೀಟರ್‌ಗೆ ನಿಲ್ಲುತ್ತದೆ. ಬೇಸಿಗೆಯಲ್ಲಿ ಇಳಿದಾಗ ಮಾತ್ರ ಊರಿನ ಕಲ್ಲುಗಳು ಮೇಲೆ ಕಾಣುತ್ತವೆ. ಅದಕ್ಕೇ ಮೇ.

ಇನ್ನೊಂದು ಕಾರಣವೂ ಇತ್ತು. ನೀರಿನ ಗೆರೆಯ ಸ್ವಲ್ಪ ಮೇಲೆ ನಮ್ಮದು ಮೂರೆಕರೆ ಒಣಭೂಮಿ ಉಳಿದಿದೆ, ಆಯಿಯ ಹೆಸರಿನಲ್ಲಿ. 2010ರ ಕೃಷ್ಣಾ ನ್ಯಾಯಮಂಡಳಿ ತೀರ್ಪಿನಂತೆ ನೀರು 524.256 ಮೀಟರ್‌ಗೆ ಏರಿದರೆ ಅದೂ ಹೋಗುತ್ತದೆ. ಪರಿಹಾರದ ದರ, ಅಂದರೆ ಒಣಭೂಮಿಗೆ ಎಕರೆಗೆ 30 ಲಕ್ಷ, ನೀರಾವರಿಗೆ 40, ಅಂತ ಸರ್ಕಾರ ಹೇಳಿದ್ದು ಆಮೇಲೆ ಸೆಪ್ಟೆಂಬರಿನಲ್ಲಿ. ನಾವು ಹೋದಾಗ ಬರೀ ಬಾಯಿಮಾತು. ಒಪ್ಪಿಗೆ ಸಹಿ ಮಾಡಬೇಕಾದವಳು ಆಯಿ. ಅಪ್ಪನಿಗೆ ಅವಳನ್ನು ಕೇಳುವ ಧೈರ್ಯ ಎರಡು ವರ್ಷದಿಂದ ಬಂದಿರಲಿಲ್ಲ.

ಹೊಲದ ಬದುವಿನ ಬೇವಿನ ಗಿಡದ ಕೆಳಗೆ ಆಯಿಯನ್ನು ಕೂರಿಸಿ ನಾವು ಕೆಳಗಿಳಿದೆವು. ಬಿರಿದ ಎರೆಮಣ್ಣು, ಶಂಖದ ಚಿಪ್ಪು, ಅಲ್ಲಲ್ಲಿ ಅಡಿಪಾಯದ ಕಲ್ಲು. "ಇದು ಅಗಸಿ. ಇದು ಹಣಮಪ್ಪನ ಕಟ್ಟಿ. ಇಲ್ಲಿ ಗಿರಣಿ" ಅಂತ ಅಪ್ಪ ಬಯಲಿನಲ್ಲಿ ಎಡಕ್ಕೆ ಬಲಕ್ಕೆ ತಿರುಗುತ್ತಾ ನಡೆದರು, ಗೋಡೆಗಳು ಇನ್ನೂ ಇರುವ ಹಾಗೆ. ನಮ್ಮ ಓಣಿ ಇದ್ದಲ್ಲಿ ಯಾರೋ ಸೌತಿಬಳ್ಳಿ ಹಾಕಿದ್ದರು. ನೀರು ಬರುವ ಮುಂಚೆ ಒಂದು ಬೆಳೆ. ಇದ್ದವನನ್ನು ಕೇಳಿದರೆ ದುಡ್ಡು ತೆಗೆದುಕೊಳ್ಳಲಿಲ್ಲ, ಉಡಿ ತುಂಬ ಕೊಟ್ಟ.

ಬೇವಿನ ಕೆಳಗೆ ಬುತ್ತಿ ಬಿಚ್ಚಿದೆವು. ಖಡಕ್ ರೊಟ್ಟಿ, ಗುರೆಳ್ಳು ಹಿಂಡಿ, ಸೌತಿಕಾಯಿಗೆ ಉಪ್ಪು ಮತ್ತು ಇಂಡಿಯ ಲಿಂಬೆ. ಆಯಿಗೆ ಹಲ್ಲಿಲ್ಲ, ತಂಗಿ ಸಣ್ಣಗೆ ಹೆಚ್ಚಿ ಕೊಟ್ಟಳು. "ಎಲ್ಲೀದು?" ಅಂದಳು. "ನಮ್ಮ ಓಣಿದು" ಅಂದರು ಅಪ್ಪ. ಆಯಿ ಇನ್ನೊಂದು ಹೋಳು ಕೇಳಿ ತಿಂದಳು. ಆಮೇಲೆ ತಾನೇ ಕೇಳಿದಳು.

"ಇನ್ನ ಎಷ್ಟು ಮ್ಯಾಲ ಬರ್ತದ?"

"ಒಂದು ಐದು ಮೀಟರ್ ಹತ್ರ, ಅವ್ವಾ."

"ಈ ಬೇವಿನಗಿಡ?"

"ಹೋಗ್ತದ."

ಆಯಿ ಗಿಡದ ಬೊಡ್ಡೆಗೆ ಬೆನ್ನು ಹಚ್ಚಿಯೇ ಕೂತಿದ್ದಳು. "ಹಂಗಾರ ರೊಕ್ಕ ಬ್ಯಾಂಕಿನ್ಯಾಗ ಇಡಬ್ಯಾಡ. ಹೊಲಾ ತಗೋ. ಎತ್ತರದಾಗ ತಗೋ." ಅಪ್ಪ ಎದ್ದು ಕೈ ತೊಳೆಯಲು ಅಂತ ಗಾಡಿಯ ಹಿಂದಕ್ಕೆ ಹೋದವರು ಸ್ವಲ್ಪ ಹೊತ್ತು ಬರಲಿಲ್ಲ.

ಬಸವನಬಾಗೇವಾಡಿಯಲ್ಲಿ ಬಸವೇಶ್ವರನ ದರ್ಶನ ಮಾಡಿ, ಸುತ್ತಾದರೂ ಕೊಲ್ಹಾರಕ್ಕೆ ಬಂದೆವು, ಮೊಸರಿಗಾಗಿ. ಪುಟ್ಟ ಮಣ್ಣಿನ ಗಡಿಗೆಯಲ್ಲಿ ಚಮಚ ನೆಟ್ಟಗೆ ನಿಲ್ಲುವಂಥ ಮೊಸರು. ಕೊಲ್ಹಾರವೂ ಹಿನ್ನೀರಿನಿಂದ ಎದ್ದು ಮೇಲೆ ಬಂದ ಊರೇ. ಅಪ್ಪ ಮೊಸರು ತಿನ್ನುತ್ತಾ ಮಾರುವವನನ್ನು ಈ ಕಡೆ ಎಕರೆಗೆ ಏನು ರೇಟು ಅಂತ ಕೇಳಿದರು.

"ಮುಳುಗಡಿ ಮಂದಿ ಏನ್ರೀ?" ಅಂದ ಅವನು, ಒಂದು ರೇಟು ಹೇಳಿದ.

ಗಾಡಿಯೊಳಗಿಂದ ಆಯಿ ಕೂಗಿದಳು, "ಭಾಳ ಹೇಳ್ತಿ ತಮ್ಮಾ!"