ಒಂದು ಚೀರಾಟಕ್ಕೆ ಎಷ್ಟು ಸಾವು?

ಧಾರಾವಾಹಿಯಲ್ಲಿ ಅತ್ತೆ ತಿರುಗಿ ನೋಡಿದಳೆಂದರೆ ಮೂರು ಸಲ ಗುಡುಗಲೇಬೇಕು, ಹೊರಗೆ ರಣಬಿಸಿಲಿದ್ದರೂ. ಕಿವಿಗೊಟ್ಟು ಕೇಳಿ: ಮೊನ್ನೆ ಸೊಸೆ ಮನೆ ಬಿಟ್ಟಾಗಲೂ ಅದೇ ಗುಡುಗು, ಇವತ್ತು ಉಯಿಲು ಸಿಕ್ಕಾಗಲೂ ಅದೇ.

ಪಾಪ, ಎಡಿಟರನ್ನು ಬಯ್ಯಬೇಡಿ. ಹಾಲಿವುಡ್ಡಿನವರೇನು ಕಡಿಮೆಯೇ? 1951ರ ‘ಡಿಸ್ಟಂಟ್ ಡ್ರಮ್ಸ್’ನಲ್ಲಿ ಮೊಸಳೆ ಬಾಯಿಗೆ ಸಿಕ್ಕವನಿಗೆಂದು ಯಾರೋ ಸ್ಟುಡಿಯೋದಲ್ಲಿ ಕಿರುಚಿದರು. ಎರಡು ವರ್ಷದ ಮೇಲೆ ಆ ಕೂಗು ಇನ್ನೊಂದು ಚಿತ್ರದಲ್ಲಿ ಬಾಣ ತಗುಲಿದ ವಿಲ್ಹೆಲ್ಮ್ ಎಂಬ ಸಿಪಾಯಿಯ ಬಾಯಿಗೆ ಬಂತು. ಧ್ವನಿ ವಿನ್ಯಾಸಕ ಬೆನ್ ಬರ್ಟ್ ಅದನ್ನು ಹುಡುಕಿ ತೆಗೆದು 1977ರ ‘ಸ್ಟಾರ್ ವಾರ್ಸ್’ಗೆ ಹಾಕಿದ, ಸಿಪಾಯಿಯ ಹೆಸರನ್ನೇ ಕೂಗಿಗೂ ಇಟ್ಟ. ಅಲ್ಲಿಂದ ನೂರಾರು ಚಿತ್ರಗಳಲ್ಲಿ ಆ ಒಂದೇ ಗಂಟಲು ಸಾಯುತ್ತಲೇ ಇದೆ. ಬರ್ಟ್‌ಗೆ ಅದು ಸಿಕ್ಕಿದ್ದಾದರೂ ಹೇಗೆ? ಮೊಸಳೆ ಬಾಯಿಗೆ ಸಿಕ್ಕ ಮನುಷ್ಯ ಅಂತ ಪುಣ್ಯಾತ್ಮರು ಟೇಪಿಗೆ ಚೀಟಿ ಅಂಟಿಸಿದ್ದರು. ನಮ್ಮ ಕಂಪ್ಯೂಟರಿನಲ್ಲಾಗಿದ್ದರೆ ಅದರ ಹೆಸರು ‘ಆಡಿಯೋ 17 ಫೈನಲ್ ಹೊಸದು 2’ ಎಂದಿರುತ್ತಿತ್ತು. ಆಮೇಲಿನ ಸಿನಿಮಾದವರೆಲ್ಲ ಮೂಕರಾಗಿಯೇ ಸಾಯಬೇಕಿತ್ತು.

ಧ್ವನಿ ಸಂಪಾದಿಸುವ ಈಗಿನ ಬಹುಪಾಲು ತಂತ್ರಾಂಶಗಳಲ್ಲಿ ಪರದೆಯ ಮೇಲೆ ಕಾಣುವ ಕ್ಲಿಪ್ ಬರೀ ವಿಳಾಸ. ‘ಆ ಫೈಲಿನಲ್ಲಿ ಇಲ್ಲಿಂದ ಇಲ್ಲಿಯವರೆಗೆ ನುಡಿಸು’ ಅಂತ ಅಷ್ಟೇ. ಆದ್ದರಿಂದಲೇ ಒಂದು ಗುಡುಗನ್ನು ಇಪ್ಪತ್ತು ಕಡೆ ಅಂಟಿಸಿದರೂ ಡಿಸ್ಕು ತುಂಬುವುದಿಲ್ಲ. ಫೋಲ್ಡರನ್ನು ಮಾತ್ರ ಅತ್ತಿತ್ತ ಸರಿಸಬಾರದು, ಸರಿಸಿದರೆ ಇಪ್ಪತ್ತೂ ಗುಡುಗು ಒಟ್ಟಿಗೇ ನಾಪತ್ತೆ. ಉಚಿತವಾಗಿ ಸಿಗುವ ಆಡಾಸಿಟಿಯಲ್ಲಿ ಹಿಂದೆ ಪ್ರಾಜೆಕ್ಟಿನ ಪಕ್ಕದಲ್ಲಿ ಚೂರುಪಾರು ಫೈಲುಗಳ ಫೋಲ್ಡರೊಂದು ಇರುತ್ತಿತ್ತು; ಕಸವೆಂದು ಅಳಿಸಿದವರ ಗತಿ ಕೇಳಬೇಡಿ. 2021ರಲ್ಲಿ ಬಂದ 3.0 ಆವೃತ್ತಿ ಎಲ್ಲವನ್ನೂ ಒಂದೇ ಫೈಲಿಗೆ ತುಂಬಿತು. ಅದೇ ವರ್ಷದ 3.1ರಲ್ಲಿ, ಕತ್ತರಿಸಿದ ಕ್ಲಿಪ್ಪಿನ ಅಂಚು ಹಿಡಿದೆಳೆದರೆ ಹೋದ ಮಾತು ಮರಳಿ ಬರತೊಡಗಿತು.

ಅನುಕೂಲವೇ, ಆದರೆ ಅಪಾಯವೂ ಅಲ್ಲೇ ಕೂತಿದೆ. ಗಂಟೆಯ ಸಂದರ್ಶನದಿಂದ ಹತ್ತು ಸೆಕೆಂಡನ್ನು ಇನ್ನೊಂದು ಪ್ರಾಜೆಕ್ಟಿಗೆ ಅಂಟಿಸುವಾಗ ಆಡಾಸಿಟಿ ಕೇಳುತ್ತದೆ: ಆರಿಸಿದ್ದಷ್ಟೇ ಸಾಕೋ, ‘ಸ್ಮಾರ್ಟ್ ಕ್ಲಿಪ್’ ಬೇಕೋ? ಸ್ಮಾರ್ಟ್ ಅನ್ನಿಸಿಕೊಳ್ಳುವ ಆಸೆಗೆ ಎರಡನೆಯದನ್ನು ಒತ್ತಿದಿರೋ, ಬಚ್ಚಿಟ್ಟ ಭಾಗವೆಲ್ಲ ಜೊತೆಗೇ ಹೊರಡುತ್ತದೆ. ಅತಿಥಿ ‘ಇದನ್ನೊಂದು ಹಾಕಬೇಡಿ ಮಾರಾಯ್ರೆ’ ಎಂದು ಕೈಮುಗಿದು ಹೇಳಿದ್ದೂ ಅದರಲ್ಲೇ ಇರುತ್ತದೆ.

ಇಷ್ಟಾಗಿಯೂ, ನನ್ನನ್ನು ಕೇಳಿದರೆ, ಮತ್ತೆ ಮತ್ತೆ ಕೆಲಸಕ್ಕೆ ಬರುವುದು ಗುಡುಗೂ ಅಲ್ಲ, ಚೀರಾಟವೂ ಅಲ್ಲ. ಯಾರೂ ಮಾತಾಡದ ತುಣುಕು. ಪ್ರತಿ ಕೋಣೆಗೂ ಅದರದೇ ಸದ್ದಿದೆ: ಫ್ಯಾನು, ಫ್ರಿಜ್ಜು, ದೂರದ ರಸ್ತೆ. ಮಾತಿನ ನಡುವಿನ ಕೆಮ್ಮನ್ನು ಅಳಿಸಿ ಅಲ್ಲಿ ಪೂರ್ಣ ಮೌನವನ್ನಿಟ್ಟರೆ, ಕೇಳುವವರು ಇಯರ್‌ಫೋನ್ ಕೆಟ್ಟಿತೇನೋ ಎಂದು ತಡಕುತ್ತಾರೆ. ಆ ಜಾಗಕ್ಕೆ ಅದೇ ಥಾನಿನ ಬಟ್ಟೆಯಿಂದ ತೇಪೆ ಹಾಕಿದ ಹಾಗೆ, ಅದೇ ಕೋಣೆಯ ಖಾಲಿ ಸದ್ದನ್ನೇ ತುಂಬಬೇಕು. ಗೊರಗೊರ ಶಬ್ದ ಕಳೆಯುವ ‘ನಾಯ್ಸ್ ರಿಡಕ್ಷನ್’ ಕೂಡ ಮೊದಲು ಮಾತಿಲ್ಲದ ಒಂದಿಷ್ಟು ಮಾದರಿ ಕೊಡಿ ಎನ್ನುತ್ತದೆ.

ಹಾಗಾಗಿ ಮುಂದಿನ ಸಲ ರೆಕಾರ್ಡಿಂಗ್ ಮುಗಿದ ಕೂಡಲೇ ಕಾಫಿಗೆ ಏಳಬೇಡಿ. ಎಲ್ಲರೂ ಅರ್ಧ ನಿಮಿಷ ಬಾಯಿ ಮುಚ್ಚಿ ಕೂತಿರಿ, ಓಡುತ್ತಿರುವ ಫ್ಯಾನು ಓಡುತ್ತಲೇ ಇರಲಿ. ಆಮೇಲೆ ಆ ತುಣುಕಿಗೆ ಕೋಣೆಯ ಹೆಸರು, ತಾರೀಖು ಹಾಕಿಡಿ. ‘ಫೈನಲ್ 2’ ಅಂತ ಮಾತ್ರ ಬರೆಯಬೇಡಿ.