ಎದುರಿನ ಮಾತು, ಹಿಂದಿನ ಮಾತು

ಆಹಾರಶುದ್ಧಿಯ ವಿಷಯದಲ್ಲಿ ಶ್ರಾವಕ ಕುಟುಂಬಗಳು ತೋರುವ ಎಚ್ಚರ ಸಾಮಾನ್ಯವಾದುದಲ್ಲ. ನೀರನ್ನು ಸೋಸಿ ಕುಡಿಯುವುದು, ಸೂರ್ಯಾಸ್ತಕ್ಕೆ ಮುನ್ನ ಉಣ್ಣುವುದು, ಕಂದಮೂಲಗಳನ್ನು ವರ್ಜಿಸುವುದು ಮನೆಯ ಮಕ್ಕಳಿಗೂ ತಿಳಿದ ನಿಯಮಗಳು. ಬಾಯೊಳಗೆ ಹೋಗುವುದರ ಬಗೆಗಿರುವ ಈ ಎಚ್ಚರ, ಬಾಯಿಂದ ಹೊರಡುವುದರ ಬಗೆಗೂ ಇದೆಯೇ? ಮೈಸೂರಿನ ಉದಯಗಿರಿಯ ಗೃಹಸ್ಥರೊಬ್ಬರಿಗೆ ಈ ಪ್ರಶ್ನೆ ಎದುರಾದದ್ದು ಹೋಟೆಲಿನ ಊಟವೊಂದರಿಂದ.

ನಿವೃತ್ತ ಉಪಾಧ್ಯಾಯರಾದ ಅವರ ಧರ್ಮಪತ್ನಿಯವರು ಬಚ್ಚಲಿನಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಿದ್ದರು. ಆರು ವಾರ ಕೈಯಾಡಿಸಕೂಡದೆಂದು ವೈದ್ಯರು ಪ್ಲಾಸ್ಟರ್ ಹಾಕಿದರು. ಮಕ್ಕಳು ದೂರದ ಊರುಗಳಲ್ಲಿದ್ದರು. ಉಪಾಧ್ಯಾಯರಿಗೆ ಅನ್ನ ಮಾಡಲು ಬರುತ್ತಿತ್ತು. ಸಾರು ಮಾಡಲು ಬರುತ್ತಿರಲಿಲ್ಲ. ಆ ತಿಂಗಳೇ ಎರಡು ಬೀದಿಗಳಾಚೆ ಹೊಸದೊಂದು ಸಸ್ಯಾಹಾರಿ ಹೋಟೆಲು ತೆರೆದಿತ್ತು. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಅಡುಗೆ ದೊರೆಯುವುದೆಂಬ ಫಲಕವನ್ನು ಕಂಡು ದಂಪತಿಗಳಿಗೆ ದೊಡ್ಡ ಭಾರ ಇಳಿದಂತಾಯಿತು.

ಮೊದಲ ದಿನ ಸಂಜೆ ಐದೂವರೆಗೆ ಹೋದರು. ಊಟ ಏಳರ ಮೇಲೆಯೇ ಎಂದು ತಿಳಿಯಿತು. ಹೊತ್ತು ಮುಳುಗುವ ಮುನ್ನ ಸಿಕ್ಕಿದ್ದು ವಡೆ. ಅದು ಪದೇಪದೇ ಕಾದ ಎಣ್ಣೆಯ ಕಮಟು ವಾಸನೆ ಹೊಡೆಯುತ್ತಿತ್ತು. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಂತೆಲ್ಲ ಅದರಲ್ಲಿ ಕೆಟ್ಟ ಸಂಯುಕ್ತಗಳು ಹೆಚ್ಚುತ್ತವೆ. ಅವು ಶೇಕಡ 25ನ್ನು ಮೀರಿದ ಎಣ್ಣೆಯನ್ನು ಬಳಸಕೂಡದೆಂಬ ನಿಯಮ 2018ರ ಜುಲೈ 1ರಿಂದ ದೇಶದಲ್ಲಿ ಜಾರಿಯಲ್ಲಿದೆ.

ಮರುದಿನ ಮಧ್ಯಾಹ್ನ ಹೋದಾಗ ಅನ್ನ ಆರಿತ್ತು. ಹುಳಿಯಲ್ಲಿ ಈರುಳ್ಳಿಯ ಚೂರು ಕಂಡಿತು. ಕೇಳಿದರೆ ಬಡಿಸುವ ಹುಡುಗ, “ಕಂಡದ್ದನ್ನೆಲ್ಲ ತೆಗೆದೇ ಬಡಿಸಿದೆ ಸಾರ್” ಎಂದ. ಅವನ ದನಿಯಲ್ಲಿ ಮೋಸವಿರಲಿಲ್ಲ. ಚೂರು ತೆಗೆದ ಮಾತ್ರಕ್ಕೆ ಹುಳಿ ಈರುಳ್ಳಿಯಿಲ್ಲದ್ದಾಗುವುದಿಲ್ಲವೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಕಾನೂನಿನ ದೃಷ್ಟಿಯಲ್ಲಿಯೂ ಈರುಳ್ಳಿ ಸಸ್ಯಾಹಾರವೇ. ಪೊಟ್ಟಣಗಳ ಮೇಲಿನ ಹಸಿರು ಚಿಹ್ನೆ ಕಂದಮೂಲಗಳ ವಿಚಾರವನ್ನು ಹೇಳುವುದಿಲ್ಲ. ದಂಪತಿಗಳು ಮೊಸರನ್ನದಲ್ಲಿ ಊಟ ಮುಗಿಸಿದರು.

ಹೊರಡುವಾಗ ಗಲ್ಲಾದಲ್ಲಿದ್ದ ಮಾಲೀಕರು ಕೈಮುಗಿದು, “ಊಟ ಹೇಗಿತ್ತು ಯಜಮಾನರೇ?” ಎಂದು ಕೇಳಿದರು.

“ಚೆನ್ನಾಗಿತ್ತು” ಎಂದರು ಉಪಾಧ್ಯಾಯರು.

ಭಾನುವಾರ ಬಸದಿಯಲ್ಲಿ ಪೂಜೆ ಮುಗಿದ ಮೇಲೆ ನಾಲ್ಕು ಜನರೆದುರು ಅವರು ಬೇರೆ ಮಾತನ್ನಾಡಿದರು. ಎಣ್ಣೆ ಹಳೆಯದು, ಹುಳಿಯಲ್ಲಿ ಈರುಳ್ಳಿ, ಫಲಕವೇ ಸುಳ್ಳು ಎಂದರು. ಅದರಲ್ಲಿ ಉತ್ಪ್ರೇಕ್ಷೆಯಿರಲಿಲ್ಲ. ಆದರೆ ಹತ್ತು ದಿನಗಳ ಮೇಲೆ ಬಂಧುಗಳೊಬ್ಬರು ಫೋನಿನಲ್ಲಿ, “ಆ ಹೋಟೆಲಿನವರು ಮಾಂಸ ಬೇಯಿಸಿದ ಪಾತ್ರೆಗಳನ್ನೇ ಬಳಸುತ್ತಾರಂತೆ” ಎಂದು ಧರ್ಮಪತ್ನಿಯವರನ್ನು ಎಚ್ಚರಿಸಿದರು. ಆಕೆ ಫೋನಿಟ್ಟು, “ನೀವು ಹೇಳಿದ್ದು ಇದಲ್ಲ, ನನಗೆ ಗೊತ್ತು. ಆದರೆ ಹೇಳಬೇಕಾದವರಿಗೆ ಹೇಳಿದಿರಾ?” ಎಂದು ಕೇಳಿದರು.

ಉಪಾಧ್ಯಾಯರು ಉತ್ತರಿಸಲಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಪೈಶುನ್ಯವನ್ನೂ, ಅಂದರೆ ಚಾಡಿಯನ್ನೂ ಎಣಿಸಿರುವುದು ಅವರಿಗೆ ತಿಳಿದೇ ಇತ್ತು. ಪರರಿಗೆ ವಿಪತ್ತನ್ನು ತರುವ ಮಾತು ಸತ್ಯವೇ ಆದರೂ ಅಣುವ್ರತಿಯು ಅದನ್ನು ಆಡಲಾಗದೆಂದು ಆಚಾರ್ಯರು ಅಲ್ಲಿಯೇ ವಿಧಿಸಿದ್ದಾರೆ. ತಿದ್ದಿಕೊಳ್ಳಬಲ್ಲವನಿಗೆ ಸುಳ್ಳು, ತಿದ್ದಲಾರದವರಿಗೆ ಸತ್ಯ. ತಮ್ಮಿಂದ ನಡೆದದ್ದು ಇದು ಎಂಬುದು ಆ ರಾತ್ರಿ ಅವರಿಗೆ ಸ್ಪಷ್ಟವಾಯಿತು. ನೋಯಿಸಬಾರದೆಂದು “ಚೆನ್ನಾಗಿತ್ತು” ಎಂದೆನೆಂಬ ಸಮಾಧಾನವೂ ಉಳಿಯಲಿಲ್ಲ. ಅದು ದಯೆಯಾಗಿರಲಿಲ್ಲ, ಸಂಕೋಚವಾಗಿತ್ತು.

ಮರುದಿನ ಮಧ್ಯಾಹ್ನ ಮೂರು ಗಂಟೆಗೆ, ಗಿರಾಕಿಗಳಿಲ್ಲದ ಹೊತ್ತು ನೋಡಿ, ಅವರು ಒಬ್ಬರೇ ಹೋಟೆಲಿಗೆ ಹೋದರು. ಎಣ್ಣೆ, ಅನ್ನ, ಹುಳಿ ಮೂರನ್ನೂ ಹೇಳಿದರು. ಅಂದು ಸುಳ್ಳಾಡಿದುದನ್ನೂ, ಬಸದಿಯಲ್ಲಿ ಆಡಿದುದನ್ನೂ ಮರೆಮಾಚಲಿಲ್ಲ. ಮಾಲೀಕರು ಬಹಳ ಹೊತ್ತು ಸುಮ್ಮನಿದ್ದರು. “ಭಟ್ಟರು ಮೊದಲ ವಾರವೇ ಬಿಟ್ಟುಹೋದರು. ಕೇಳಿದವರೆಲ್ಲ ಚೆನ್ನಾಗಿದೆ ಅಂದರು, ಆಮೇಲೆ ಯಾರೂ ಬರಲಿಲ್ಲ. ಸಾಲ ಮಾಡಿ ತೆರೆದದ್ದು ಸ್ವಾಮಿ. ಹದಿನೈದು ದಿನ ಮೊದಲೇ ಹೇಳಬಾರದಿತ್ತೇ?” ಎಂದರು. ಅದರಲ್ಲಿ ಕೋಪವಿರಲಿಲ್ಲ, ಅದಕ್ಕೇ ಉಪಾಧ್ಯಾಯರಿಗೆ ಅದು ಹೆಚ್ಚು ನಾಟಿತು.

ಮುಂದಿನ ಭಾನುವಾರ ಅವರು ಬಸದಿಯಲ್ಲಿ ಅದೇ ನಾಲ್ವರನ್ನು ಕರೆದು, ಪಾತ್ರೆಗಳ ಮಾತು ಬುಡವಿಲ್ಲದ್ದೆಂದೂ, ತಮ್ಮ ಮಾತೇ ಅದಕ್ಕೆ ಬೀಜವಾಯಿತೆಂದೂ ತಿಳಿಸಿದರು. ಮೂವರು ಒಪ್ಪಿದರು. ನಾಲ್ಕನೆಯವರು, “ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ?” ಎಂದು ನಕ್ಕರು.

ಹೋಟೆಲಿನಲ್ಲಿ ಈಗ ಬೆಳಗ್ಗೆಯೇ ಬೇರೆ ಪಾತ್ರೆಯಲ್ಲಿ ಈರುಳ್ಳಿಯಿಲ್ಲದ ಸಾರು ಕುದಿಯುತ್ತದೆ. ಎಣ್ಣೆ ಬದಲಾಗಿದೆ. ಅಡುಗೆ ಇನ್ನೂ ಸಾಧಾರಣವೇ, ಗಿರಾಕಿಗಳೂ ವಿರಳ. ಉಪಾಧ್ಯಾಯರು ದಿನವೂ ಮಧ್ಯಾಹ್ನ ಕ್ಯಾರಿಯರ್ ಹಿಡಿದು ಹೋಗುತ್ತಾರೆ. “ಹೇಗಿತ್ತು?” ಎಂಬ ಪ್ರಶ್ನೆಗೆ ಮೊನ್ನೆ ಅವರು ಕೊಟ್ಟ ಉತ್ತರ: “ಸಾರಿಗೆ ಉಪ್ಪು ಸ್ವಲ್ಪ ಕಡಿಮೆ. ಪಲ್ಯ ಚೆನ್ನಾಗಿತ್ತು.” ಮಾಲೀಕರು ಎರಡನ್ನೂ ನಂಬಿದರು.